ಗಡಿನಾಡಿನ ಎರಡು ರೇಡಿಯೋ ಯಂತ್ರಗಳು: ದುರಸ್ತಿಯಲ್ಲಿ ಕಂಡ ಚರಿತ್ರೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿಗಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಈ ಐದು ತಾಲ್ಲೂಕುಗಳ ಪ್ರಾಚೀನ ಚರಿತ್ರೆಯ ವಿಷಯದಲ್ಲಿ ವಿದ್ವಾಂಸರು ಸಾಕಷ್ಟು ಪರಿಶ್ರಮಪಟ್ಟಿದ್ದಾರೆ. ರಟ್ಟರ ಶಾಸನಗಳು, ಬಸದಿಗಳು, ಮಠಗಳ ಕಡತಗಳು, ದೇಸಗತಿಯ ಕಾಗದಪತ್ರಗಳು ಒಂದಲ್ಲ ಒಂದು ರೀತಿಯಲ್ಲಿ ಪರಿಶೀಲನೆಗೆ ಒಳಗಾಗಿವೆ. ಆದರೆ ನಮ್ಮ ತಂದೆ ಅಜ್ಜಂದಿರ ಕಾಲದ ಚರಿತ್ರೆಗೆ ಬಂದರೆ ನಮ್ಮ ಬಡತನ ಎದ್ದು ಕಾಣುತ್ತದೆ. ಈ ಸೀಮೆಯ ಒಂದು ಮನೆಯಲ್ಲಿ 1955ರ ಸುಮಾರಿಗೆ, ದೀಪ ಹಚ್ಚಿದ ಮೇಲೆ, ಯಾವ ಊರಿನ ದನಿ ಕೇಳಿಬರುತ್ತಿತ್ತು? ಅದು ಕನ್ನಡದ್ದೋ, ಮರಾಠಿಯದೋ, ಹಿಂದಿಯದೋ? ಇಷ್ಟು ಸರಳವಾದ ಪ್ರಶ್ನೆಗೆ ಸರಕಾರಿ ದಾಖಲೆಗಳು ಉತ್ತರ ಕೊಡಲಾರವು. 1933ರ ಭಾರತೀಯ ನಿಸ್ತಂತು ಕಾನೂನಿನಂತೆ ರೇಡಿಯೋ ಇಟ್ಟುಕೊಂಡವರೆಲ್ಲ ಲೈಸೆನ್ಸು ಪಡೆಯಬೇಕಾಗಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಕಿರುಪುಸ್ತಕದಲ್ಲಿ ಚೀಟಿ ಅಂಟಿಸಿಕೊಂಡು ಬರಬೇಕು. ಈ ಶುಲ್ಕ ಬಹುಕಾಲ 15 ರೂಪಾಯಿ ಇದ್ದಿತು. ಪದ್ಧತಿ 1980ರ ದಶಕದಲ್ಲಿ ನಿಂತುಹೋಯಿತು. ಲೈಸೆನ್ಸಿನ ಲೆಕ್ಕದಿಂದ ಮನೆಯಲ್ಲಿ ಪೆಟ್ಟಿಗೆ ಇದ್ದಿತೆಂಬುದು ತಿಳಿದೀತು. ಅದರಲ್ಲಿ ಏನನ್ನು ಕೇಳಿದರೆಂಬುದು ತಿಳಿಯದು.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲ ಆಧಾರವೊಂದು ನಮ್ಮ ಕಣ್ಣೆದುರಿಗೇ ಇದ್ದು, ಕಣ್ಣೆದುರಿಗೇ ನಾಶವಾಗುತ್ತಿದೆ. ಅಟ್ಟದ ಮೇಲೆ, ಹಗೇವಿನ ಪಕ್ಕದಲ್ಲಿ, ಭಂಗಾರ ಅಂಗಡಿಯ ತಗಡುಗಳ ನಡುವೆ ಬಿದ್ದಿರುವ ಹಳೆಯ ರೇಡಿಯೋ ಯಂತ್ರವೇ ಆ ಆಧಾರ. ಪ್ರಸ್ತುತ ಲೇಖಕನು ಈ ಸೀಮೆಯ ಎರಡು ಯಂತ್ರಗಳನ್ನು ಮನೆಯಲ್ಲಿಯೇ ಬಿಚ್ಚಿ ದುರಸ್ತಿ ಮಾಡಿದನು. ಒಂದು, ಅಥಣಿಯ ಒಕ್ಕಲು ಮನೆತನವೊಂದರ ಬ್ಯಾಟರಿ ವಾಲ್ವು ರೇಡಿಯೋ. ಇನ್ನೊಂದು, ನಿಪ್ಪಾಣಿಯ ತಂಬಾಕಿನ ವ್ಯಾಪಾರಸ್ಥರೊಬ್ಬರ ಮನೆಯ ಸ್ಟೀರಿಯೊ ರಿಸೀವರು. ಎಂದರೆ ರೇಡಿಯೋ ಹಾಗೂ ಎಡಬಲಗಳ ಎರಡು ಧ್ವನಿವರ್ಧಕ ಅಂಗಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಯಂತ್ರ. ಯಂತ್ರವನ್ನು ಮತ್ತೆ ನುಡಿಸುವುದು ಒಂದು ಕೆಲಸ, ಅದನ್ನು ಓದುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಅವಸರದಿಂದ ಮಾಡಿದರೆ ಎರಡನೆಯದು ಕೈತಪ್ಪಿಹೋಗುತ್ತದೆ. ಈ ತಪ್ಪನ್ನು ಲೇಖಕನೇ ಮಾಡಿರುವುದರಿಂದ ಅದನ್ನು ಮುಚ್ಚಿಡದೆ ಮುಂದೆ ಹೇಳಲಾಗುವುದು.

ಮೊದಲು ಪ್ರದೇಶದ ಸ್ಥಿತಿಯನ್ನು ನೆನೆಯಬೇಕು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ತಾಲ್ಲೂಕುಗಳು. ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರ್ಪಟ್ಟು ತಾಲ್ಲೂಕುಗಳಾದದ್ದು ತೀರ ಈಚೆಗೆ. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿದ್ದು, 1949ರ ಮಾರ್ಚಿನಲ್ಲಿ ಆ ಸಂಸ್ಥಾನ ವಿಲೀನವಾದಾಗ ಮುಂಬಯಿ ರಾಜ್ಯಕ್ಕೆ ಬಂದಿತು. 1956ರ ನವೆಂಬರ್ 1ರಂದು ಇಡೀ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಗಡಿಯ ವಾದ ಅಲ್ಲಿಗೆ ಮುಗಿಯಲಿಲ್ಲವೆಂಬುದೂ, 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ ಮರುವರ್ಷ ವರದಿ ಒಪ್ಪಿಸಿತೆಂಬುದೂ ವಾಚಕರಿಗೆ ತಿಳಿದ ಸಂಗತಿ. ಆ ಚರ್ಚೆ ಇಲ್ಲಿ ಅಪ್ರಸ್ತುತ. ನಕ್ಷೆಯ ಮೇಲೆ ಎಳೆದ ಗೆರೆ ಆಕಾಶದಲ್ಲಿ ಇರಲಿಲ್ಲವೆಂಬುದಷ್ಟೇ ನಮಗೆ ಬೇಕಾದುದು.

ಆಕಾಶದಲ್ಲಿ ಇದ್ದವು ಯಾವುವು? ಮುಂಬಯಿಯ ಪ್ರಸಾರ ಕೇಂದ್ರ 1927ರ ಜುಲೈ 23ರಂದು ಆರಂಭವಾಯಿತು. ಮರಾಠಿ, ಗುಜರಾತಿಗಳ ನಡುವೆ ಅದು ಕನ್ನಡಕ್ಕೂ ಸ್ವಲ್ಪ ಸಮಯ ಕೊಡುತ್ತಿತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ ಕನ್ನಡದ್ದೇ ಆದರೂ ಕೃಷ್ಣೆಯ ದಂಡೆಗೆ ಅದು ದೂರದ ಮಾತು. ಹೀಗಾಗಿ 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದದ್ದು ಈ ಐದು ತಾಲ್ಲೂಕುಗಳ ಮಟ್ಟಿಗೆ ದೊಡ್ಡ ಘಟನೆಯೆಂದು ಭಾವಿಸಬೇಕು. ಅದರ ಬೆನ್ನಿಗೆ 1953ರ ಅಕ್ಟೋಬರ್ 2ರಂದು ಪುಣೆಯ ಕೇಂದ್ರ, ಹತ್ತು ವರ್ಷಗಳ ತರುವಾಯ 1963ರ ಅಕ್ಟೋಬರ್ 6ರಂದು ಸಾಂಗಲಿಯ ಕೇಂದ್ರ ಬಂದವು. ಕಾಗವಾಡದವನಿಗೆ ಸಾಂಗಲಿ ಸಂತೆಗೆ ಹೋಗಿಬರುವಷ್ಟು ಹತ್ತಿರ. ಧಾರವಾಡ ನೂರೈವತ್ತು ಕಿಲೋಮೀಟರಿಗೂ ಆಚೆ. ಮಧ್ಯಮತರಂಗದ ಅಲೆ ಹಗಲಿನಲ್ಲಿ ನೆಲವನ್ನು ಹಿಡಿದು ಹೋಗುತ್ತ ದೂರದಿಂದ ದೂರಕ್ಕೆ ಕ್ಷೀಣಿಸುವುದು. ಕತ್ತಲಾದ ಮೇಲೆ ವಾಯುಮಂಡಲದ ಮೇಲಣ ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಮೈಲಿಯಾಚೆ ಇಳಿಯುವುದು. ಆದಕಾರಣ ಈ ಸೀಮೆಯ ಶ್ರೋತೃವಿಗೆ ಹಗಲಿನ ಆಕಾಶ ಬೇರೆ, ಇರುಳಿನ ಆಕಾಶ ಬೇರೆ.

ಇನ್ನು ಅಥಣಿಯ ಪೆಟ್ಟಿಗೆ. ಮರದ ಕವಚ, ಮುಂದೆ ಬಟ್ಟೆಯ ಪರದೆ, ಗಾಜಿನ ಡಯಲು, ಎರಡು ತರಂಗಪಟ್ಟಿಗಳು. ಒಳಗೆ ನಾಲ್ಕು ವಾಲ್ವುಗಳು: ಡಿ.ಕೆ. 96, ಡಿ.ಎಫ್. 96, ಡಿ.ಎ.ಎಫ್. 96 ಮತ್ತು ಡಿ.ಎಲ್. 96. ವಿದ್ಯುತ್ತು ಇಲ್ಲದ ಹಳ್ಳಿಗಳಿಗೆಂದೇ ಈ ಜಾತಿಯ ವಾಲ್ವುಗಳು ಹುಟ್ಟಿದ್ದವು. ಇವುಗಳ ಒಳತಂತಿ ಕಾಯುವುದಕ್ಕೆ ಒಂದೂವರೆ ವೋಲ್ಟಿನ ಬ್ಯಾಟರಿ ಸಾಕು. ನಾಲ್ಕೂ ಕೂಡಿ ಎಳೆಯುವುದು ಒಂದು ಆಂಪಿಯರಿನ ಎಂಟನೆಯ ಒಂದು ಪಾಲು ಮಾತ್ರ. ಆದರೆ ಅವುಗಳ ಮೇಲುಗಡೆಯ ಕೆಲಸಕ್ಕೆ 90 ವೋಲ್ಟು ಬೇಕು. ಇದಕ್ಕಾಗಿ ಇಟ್ಟಿಗೆಯಷ್ಟು ದೊಡ್ಡದಾದ ಒಣ ಬ್ಯಾಟರಿಯ ಕಟ್ಟನ್ನು ಪೆಟ್ಟಿಗೆಯ ಹಿಂಬದಿಯಲ್ಲಿ ಇಡುತ್ತಿದ್ದರು. ಅದು ದಿನಕ್ಕೆ ಎರಡು ಮೂರು ತಾಸು ಕೇಳಿದರೆ ಕೆಲವು ತಿಂಗಳು ಬಾಳುತ್ತಿತ್ತು. ಆದ್ದರಿಂದ ರೇಡಿಯೋ ಹಚ್ಚುವುದು, ಆರಿಸುವುದು ಮನೆಯ ಹಿರಿಯರ ಅಧಿಕಾರವಾಗಿದ್ದಿತು. ಸುದ್ದಿ, ಪೇಟೆಧಾರಣೆ, ಅರ್ಧ ತಾಸು ಸಂಗೀತ, ಅಲ್ಲಿಗೆ ಮುಗಿಯಿತು. ಇಂದಿನಂತೆ ದಿನವಿಡೀ ಒದರಲು ಬಿಡುವ ರೇಡಿಯೋ ಅದಲ್ಲ.

ಪೆಟ್ಟಿಗೆಯ ಹಿಂಬದಿಯ ರಟ್ಟನ್ನು ತೆಗೆದಾಗ ಬ್ಯಾಟರಿಯ ಸ್ಥಳದಲ್ಲಿ ಬ್ಯಾಟರಿ ಇರಲಿಲ್ಲ. ಒಂದು ತಗಡಿನ ಡಬ್ಬಿ ಇದ್ದಿತು. ಮನೆಯ ವಿದ್ಯುತ್ತನ್ನು ಒಂದೂವರೆ ಮತ್ತು 90 ವೋಲ್ಟುಗಳಿಗೆ ಇಳಿಸಿ ಕೊಡುವ ಎಲಿಮಿನೇಟರು ಅದು. ಮೊಳೆ ಹೊಡೆದು ಕೂಡಿಸಿದ ರೀತಿಯನ್ನು ನೋಡಿದರೆ ಕಾರಖಾನೆಯದಲ್ಲ, ಊರ ಕೈಕೆಲಸ. ಅಂದರೆ ಮನೆಗೆ ವಿದ್ಯುತ್ತು ಬಂದಾಗ ಯಜಮಾನರು ಹೊಸ ರೇಡಿಯೋ ಕೊಳ್ಳಲಿಲ್ಲ. ಹಳೆಯದನ್ನೇ ಹೊಸ ಕಾಲಕ್ಕೆ ಹೊಂದಿಸಿಕೊಂಡರು. ನಾಲ್ಕು ವಾಲ್ವುಗಳಲ್ಲಿ ಮೂರು ವಿದೇಶದವು. ನಾಲ್ಕನೆಯದರ ಗಾಜಿನ ಮೇಲೆ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯ ಮಾಸಿದ ಗುರುತು ಕಂಡುಬಂದಿತು. 1954ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿದ್ದು 1961ರಲ್ಲಿ. ಮರುವರ್ಷವೇ ಅದು ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಹೀಗೆ ಟ್ರಾನ್ಸಿಸ್ಟರು ಯುಗ ಬಾಗಿಲಿಗೆ ಬಂದು ನಿಂತಾಗಲೂ ಈ ಮನೆ ವಾಲ್ವಿಗೆ ಹಣ ಕೊಟ್ಟು ಹಳೆಯ ಪೆಟ್ಟಿಗೆಯನ್ನು ಬದುಕಿಸಿಕೊಂಡಿತೆಂದು ಹೇಳಲು ಅಡ್ಡಿಯಿಲ್ಲ. ವಾಲ್ವಿನ ಯುಗ ಮುಗಿದು ಟ್ರಾನ್ಸಿಸ್ಟರಿನ ಯುಗ ಬಂತೆಂದು ನಾವು ಒಂದೇ ವಾಕ್ಯದಲ್ಲಿ ಬರೆದುಬಿಡುತ್ತೇವೆ. ಮನೆಗಳಲ್ಲಿ ಯುಗಗಳು ಹಾಗೆ ಸರದಿ ಹಿಡಿದು ಬರುವುದಿಲ್ಲ.

ದುರಸ್ತಿಯ ವಿಷಯದಲ್ಲಿ ಅನುಭವಸ್ಥರು ಮೊದಲು ಹೇಳುವ ಮಾತು, ಹಳೆಯ ಯಂತ್ರವನ್ನು ಏಕಾಏಕಿ ವಿದ್ಯುತ್ತಿಗೆ ಜೋಡಿಸಬಾರದು ಎಂಬುದು. ದಾರಿಯಲ್ಲಿ ಅರವತ್ತೋ ನೂರೋ ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸರಣಿಯಲ್ಲಿ ಕೂಡಿಸುತ್ತಾರೆ. ಒಳಗೆ ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಹಳೆಯ ರೇಡಿಯೋಗಳಲ್ಲಿ ಮುಖ್ಯವಾಗಿ ಕೆಡುವುದು ಕಂಡೆನ್ಸರುಗಳು. ಮೇಣ ಸವರಿದ ಕಾಗದದ ಕಂಡೆನ್ಸರು ವರ್ಷಗಳು ಕಳೆದಂತೆ ತೇವ ಹೀರಿ ಸೋರತೊಡಗುತ್ತದೆ. ತಡೆಯಬೇಕಾದ ನೇರ ವಿದ್ಯುತ್ತು ಅದರೊಳಗಿಂದ ಜಿನುಗಿ ಕೊನೆಯ ವಾಲ್ವಿನ ಗ್ರಿಡ್ಡಿಗೆ ತಲುಪಿದರೆ ಆ ವಾಲ್ವು ತನ್ನ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಎಲಿಮಿನೇಟರು ಇದ್ದಾಗ ಇದರಿಂದ ದನಿ ಒಡೆಯಬಹುದು, ಅಷ್ಟೆ. ಬ್ಯಾಟರಿಯ ಕಾಲದಲ್ಲಿ ಇದರ ಫಲ ಬೇರೆಯಾಗಿತ್ತು: ತಿಂಗಳುಗಟ್ಟಲೆ ಬಾಳಬೇಕಾದ ಬ್ಯಾಟರಿ ಬೇಗನೆ ಸಾಯುತ್ತಿತ್ತು. ದುಡ್ಡು ಕೊಟ್ಟ ಯಜಮಾನ ಬ್ಯಾಟರಿ ಮಾರಿದವನನ್ನು ಬೈಯುತ್ತಿದ್ದ. ನಿಜವಾದ ಅಪರಾಧಿ ಕಿರುಬೆರಳಿನಷ್ಟು ದಪ್ಪದ ಒಂದು ಕಾಗದದ ಸುರುಳಿ. ಈ ಪೆಟ್ಟಿಗೆಯಲ್ಲಿ ಆ ಒಂದೇ ಸ್ಥಾನದ ಕಂಡೆನ್ಸರನ್ನು ಹಿಂದೆ ಯಾರೋ ಬದಲಾಯಿಸಿದ್ದರು. ಅದರ ಬೆಸುಗೆ ಉಳಿದೆಲ್ಲ ಬೆಸುಗೆಗಳಿಗಿಂತ ದೊಡ್ಡದು, ಹೊಳಪಿಲ್ಲದ್ದು. ಯಾರೆಂದು ತಿಳಿಯದು. ಆದರೆ ರೋಗವನ್ನು ಬಲ್ಲ ಕೈಯೆಂದು ಮಾತ್ರ ಖಂಡಿತವಾಗಿ ಹೇಳಬಹುದು.

ಲೇಖಕನ ಕೈ ಅಷ್ಟು ಬಲ್ಲದ್ದಾಗಿರಲಿಲ್ಲ. ಮೊದಲ ದಿನ 90 ವೋಲ್ಟಿನ ತಂತಿ ಕ್ಷಣಮಾತ್ರ ಒಂದೂವರೆ ವೋಲ್ಟಿನ ತಂತಿಗೆ ತಾಗಿ, ಒಂದು ವಾಲ್ವಿನ ಕೂದಲೆಳೆಯಂಥ ಒಳತಂತಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹೋಯಿತು. ಬೇರೊಂದನ್ನು ಹುಡುಕಿ ತರಲು ಆರು ತಿಂಗಳು ಹಿಡಿಯಿತು. ಇದು ಹಣದ ನಷ್ಟ. ಇದಕ್ಕಿಂತ ದೊಡ್ಡ ನಷ್ಟ ಡಯಲಿನಲ್ಲಿ ಆಯಿತು.

ಡಯಲಿನ ಗಾಜಿನ ಮೇಲೆ ಮಧ್ಯಮತರಂಗವನ್ನು ಮೀಟರುಗಳಲ್ಲಿ ಗುರುತಿಸಲಾಗಿದೆ. ಅಚ್ಚಾದ ಅಂಕೆಗಳ ಪಕ್ಕದಲ್ಲಿ ಮನೆಯವರು ಎಣ್ಣೆಬಣ್ಣದಿಂದ ಎರಡು ಚುಕ್ಕೆಗಳನ್ನು ಇಟ್ಟಿದ್ದರು. ಬಿಳಿಯ ಚುಕ್ಕೆ 390 ಮೀಟರಿನ ಸಮೀಪ, ಕೆಂಪು ಚುಕ್ಕೆ 240 ಮೀಟರಿನ ಸಮೀಪ. 1975ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯದಂತೆ ಮಧ್ಯಮತರಂಗದ ಕೇಂದ್ರಗಳನ್ನು ಒಂಬತ್ತೊಂಬತ್ತು ಕಿಲೋಸೈಕಲ್ಲುಗಳ ಅಂತರದಲ್ಲಿ ಮತ್ತೆ ಹಂಚಲಾಯಿತು. 1978ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿತು. ಆ ಏರ್ಪಾಟಿನಲ್ಲಿ ಧಾರವಾಡಕ್ಕೆ 765, ಸಾಂಗಲಿಗೆ 1251 ಕಿಲೋಸೈಕಲ್ಲುಗಳು ಬಂದವು. ಮೀಟರುಗಳಲ್ಲಿ ಎಣಿಸಿದರೆ 392 ಮತ್ತು 240. ಚುಕ್ಕೆಗಳು ಯಾವ ಊರಿನವೆಂಬುದರಲ್ಲಿ ಸಂದೇಹಕ್ಕೆ ಆಸ್ಪದ ಕಡಿಮೆ. ಕೆಂಪು ಚುಕ್ಕೆ 1963ರ ಅಕ್ಟೋಬರಿಗೆ ಮುಂಚಿನದಾಗಲಾರದು. ಇಷ್ಟು ದೂರ ನೆಲ ಗಟ್ಟಿಯಾಗಿದೆ.

ಇನ್ನೂ ಒಂದು ಹೆಜ್ಜೆ ಇಡಬಹುದಾಗಿತ್ತು. ಚುಕ್ಕೆಗಳು ಹೊಸ ಅಂಕೆಗಳಿಗೆ ನಿಖರವಾಗಿ ಹೊಂದುವುದಾದರೆ ಅವನ್ನು 1978ರ ನಂತರ ಇಟ್ಟಿದ್ದಾರೆ ಅಥವಾ ತಿದ್ದಿದ್ದಾರೆ, ಆ ಕಾಲದವರೆಗೂ ಈ ಪೆಟ್ಟಿಗೆ ಮನೆಯ ಪಡಸಾಲೆಯಲ್ಲಿ ನುಡಿಯುತ್ತಿತ್ತು ಎಂದು ತೋರಿಸಬಹುದಾಗಿತ್ತು. ಆದರೆ ಡಯಲಿನ ಮುಳ್ಳನ್ನು ಎಳೆಯುವುದು ಗ್ಯಾಂಗ್ ಕಂಡೆನ್ಸರಿನ ಚಕ್ರಕ್ಕೆ ಸುತ್ತಿದ ಒಂದು ದಾರ. ದಾರದ ಮೇಲೆ ಮುಳ್ಳು ಕೂತ ಸ್ಥಳ ಒಂದು ಗೋಧಿಕಾಳಿನಷ್ಟು ಸರಿದರೂ ಹತ್ತಿಪ್ಪತ್ತು ಕಿಲೋಸೈಕಲ್ಲು ತಪ್ಪುತ್ತದೆ. ಲೇಖಕನು ಅಳತೆ ಮಾಡುವುದಕ್ಕೆ ಮೊದಲೇ ಹಳೆಯ ದಾರ ಜೀರ್ಣವಾಗಿದೆಯೆಂದು ಕತ್ತರಿಸಿ ತೆಗೆದು, ಹೊಸ ದಾರ ಸುತ್ತಿ, ಮುಳ್ಳನ್ನು ಅಚ್ಚಾದ ಅಂಕೆಗಳಿಗೆ ಹೊಂದಿಸಿ ಕೂಡಿಸಿಬಿಟ್ಟನು. ಮನೆಯವರ ಕಾಲದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತಿತ್ತೆಂಬುದು ಆ ಕ್ಷಣದಲ್ಲಿ ಅಳಿಸಿಹೋಯಿತು. ಉತ್ಖನನ ಮಾಡುವವನು ಪದರವನ್ನು ಗುರುತು ಹಾಕಿಕೊಳ್ಳದೆ ಮಣ್ಣು ಎತ್ತಿ ಹಾಕಿದಂತೆ ಆಯಿತು. ದಾರ ತುಂಡಾಗುವ ಹಾಗಿದ್ದರೂ ಚಿಂತೆಯಿಲ್ಲ, ಅದು ಇರುವಂತೆಯೇ ಮುಳ್ಳನ್ನು ಮೆಲ್ಲನೆ ಸರಿಸಿ ಒಂದೊಂದು ಚುಕ್ಕೆಗೂ ಗ್ಯಾಂಗಿನ ಸ್ಥಾನವನ್ನು ಬರೆದುಕೊಳ್ಳುವುದು ಹತ್ತು ನಿಮಿಷದ ಕೆಲಸವಾಗಿದ್ದಿತು.

ಕಿರುತರಂಗದ ಪಟ್ಟಿಯ ಮೇಲೆ ಚುಕ್ಕೆಗಳೇ ಇಲ್ಲ. ಹಾಗಾದರೆ ಅದನ್ನು ಬಳಸಲಿಲ್ಲವೇ? ಬ್ಯಾಂಡ್ ಸ್ವಿಚ್ಚು ಬೇರೆ ಸಾಕ್ಷಿ ಹೇಳುತ್ತದೆ. ಕಿರುತರಂಗಕ್ಕೆ ಹೊರಳಿಸುವ ಕಡೆಯ ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣುತ್ತಿದೆ. 1952ರಲ್ಲಿ ಬಿ. ವಿ. ಕೇಸಕರ ಅವರು ಪ್ರಸಾರ ಖಾತೆಯ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಬಹುಮಟ್ಟಿಗೆ ಮಾಯವಾದವು. ಅದೇ ವರ್ಷದ ಕೊನೆಗೆ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಆರಂಭವಾಯಿತು. ದೇಶದ ತರುಣರ ಕಿವಿ ಕೊಲಂಬೋ ಕಡೆಗೆ ತಿರುಗಿತು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ್ದು ಹೀಗೆ ಹೋದವರನ್ನು ಹಿಂದಕ್ಕೆ ಕರೆಯುವುದಕ್ಕಾಗಿ. ಅಥಣಿಯ ಈ ಮನೆಯಲ್ಲಿ ಚುಕ್ಕೆ ಇಟ್ಟವರು ಹಿರಿಯರು, ಸ್ವಿಚ್ಚು ಸವೆಯಿಸಿದವರು ಕಿರಿಯರು ಎಂದು ಊಹಿಸಿದರೆ ವಾಚಕರು ಮುಗುಳುನಗಬಹುದು. ಕಿರಿಯರಿಗೆ ಚುಕ್ಕೆ ಬೇಕಾಗಿರಲಿಲ್ಲ; ಬುಧವಾರ ರಾತ್ರಿ ಎಂಟು ಗಂಟೆಗೆ ಮುಳ್ಳು ಎಲ್ಲಿ ನಿಲ್ಲಬೇಕೆಂಬುದು ಅವರ ಬೆರಳಿಗೆ ತಿಳಿದಿತ್ತು.

ಎರಡು ಚುಕ್ಕೆಗಳ ಅರ್ಥವನ್ನು ಕುರಿತು ಇಲ್ಲಿ ಒಂದು ಮಾತು ಅವಶ್ಯ. ಬಿಳಿಯದು ಕನ್ನಡ, ಕೆಂಪು ಮರಾಠಿ ಎಂದು ಸುಲಭವಾಗಿ ಹೇಳಿ, ಈ ಮನೆ ಇಬ್ಬಂದಿಯಾಗಿತ್ತೆಂದು ತೀರ್ಮಾನಿಸಬಹುದು. ಅದು ಇಂದಿನ ನಮ್ಮ ಮನಸ್ಸಿನ ಪ್ರತಿಬಿಂಬವಾದೀತು. ಪುಣೆಯ ಕೇಂದ್ರ 1955ರ ಏಪ್ರಿಲಿನಿಂದ ಒಂದು ವರ್ಷ ವಾರವಾರವೂ ಪ್ರಸಾರ ಮಾಡಿದ ಗೀತರಾಮಾಯಣ ಗ. ದಿ. ಮಾಡಗೂಳಕರರ ರಚನೆ, ಸುಧೀರ ಫಡಕೆಯವರ ಸಂಗೀತ. ಒಟ್ಟು 56 ಹಾಡುಗಳು. ಅದರ ಮರುವರ್ಷ ಧಾರವಾಡ ಕೇಂದ್ರಕ್ಕೆ ದ. ರಾ. ಬೇಂದ್ರೆಯವರು ಸಲಹೆಗಾರರಾಗಿ ಬಂದರು. ಸ್ವತಃ ಮರಾಠಿ ಮನೆಮಾತಿನವರು, ಕನ್ನಡದ ವರಕವಿ. ಧಾರವಾಡದಿಂದ ಕೇಳಿಬರುತ್ತಿದ್ದ ಮಲ್ಲಿಕಾರ್ಜುನ ಮನಸೂರರ ಗಾಯನಕ್ಕೆ ಮೀರಜಿನಲ್ಲಿ ಅಬ್ದುಲ್ ಕರೀಮ್ ಖಾನರ ಸಮಾಧಿಯ ಊರಿನವರು ಕಿವಿಗೊಡದೆ ಇದ್ದಾರೆಯೇ? ಎರಡೂ ಆಕಾಶಗಳು ಒಂದೇ ಮನೆಯ ಮೇಲಿದ್ದವು. ಆದರೆ ಅವು ಸಮಾನವಾಗಿ ಇಳಿಯುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಕೇಂದ್ರ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳ ಪ್ರಯೋಗ ನಡೆಸಿದಾಗ ಆಯ್ದುಕೊಂಡದ್ದು ಮರಾಠಿ ಜಿಲ್ಲೆಗಳನ್ನು. ಆಗ ಮುಂಬಯಿ ರಾಜ್ಯದಲ್ಲಿಯೇ ಇದ್ದ ಅಥಣಿಯ ರೈತನಿಗೆ ಆ ಪ್ರಸಾರ ರಾತ್ರಿ ಕೇಳಿಸೀತು. ಅದು ಅವನನ್ನು ಕುರಿತು ಆಡಿದ ಮಾತಾಗಿರಲಿಲ್ಲ.

ಪೆಟ್ಟಿಗೆ ಕೊನೆಗೆ ನುಡಿಯಿತು. 90 ವೋಲ್ಟಿನ ಆ ಹಳೆಯ ಬ್ಯಾಟರಿ ಕಟ್ಟು ಈಗ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿಗಳು ಹತ್ತನ್ನು ಸಾಲಾಗಿ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಒಳತಂತಿಗೆ ಒಂದು ದಪ್ಪ ಟಾರ್ಚ್ ಸೆಲ್ಲು. ಎಲಿಮಿನೇಟರನ್ನು ಬಿಚ್ಚಿ ಎಸೆಯದೆ ಅದರ ಸ್ಥಳದಲ್ಲಿಯೇ ಉಳಿಸಲಾಯಿತು, ವಿದ್ಯುತ್ತು ಮಾತ್ರ ಕೊಟ್ಟಿಲ್ಲ. ಸಂಜೆ ಏರಿಯಲ್ ಕಟ್ಟಿ ಮುಳ್ಳನ್ನು ಬಿಳಿಯ ಚುಕ್ಕೆಗೆ ತಂದಾಗ ಧಾರವಾಡದ ಬದಲು ಭಯಂಕರವಾದ ಗುಂಯ್‌ಗುಟ್ಟುವಿಕೆ ಕೇಳಿತು. ತಪ್ಪು ಎಲ್ಲಿದೆಯೆಂದು ಎರಡು ದಿನ ಹುಡುಕಿದ್ದಾಯಿತು. ಮೂರನೆಯ ದಿನ ಊರಿಗೆಲ್ಲ ಕರೆಂಟು ಹೋಯಿತು. ಹೋದೊಡನೆ ಧಾರವಾಡದ ಕನ್ನಡ ವಾರ್ತೆ ಪಕ್ಕದಲ್ಲಿ ಕುಳಿತು ಓದಿದಂತೆ ಸ್ಪಷ್ಟವಾಗಿ ಕೇಳತೊಡಗಿತು. ಓಣಿಯ ಎಲ್.ಇ.ಡಿ. ದೀಪಗಳು, ಮೊಬೈಲು ಚಾರ್ಜರುಗಳು, ಇವೆಲ್ಲ ಮಧ್ಯಮತರಂಗದಲ್ಲಿ ಸದ್ದು ಚೆಲ್ಲುವ ವಸ್ತುಗಳು. ವಿದ್ಯುತ್ತಿಲ್ಲದ ಊರಿಗೆಂದು ಹುಟ್ಟಿದ ಪೆಟ್ಟಿಗೆ ವಿದ್ಯುತ್ತು ಹೋದ ಗಳಿಗೆಯಲ್ಲಿ ಮಾತ್ರ ತನ್ನ ಕಾಲವನ್ನು ಮರಳಿ ಪಡೆಯುತ್ತದೆ. ಈ ದನಿ ಇನ್ನೆಷ್ಟು ದಿನ ಎಂಬುದೂ ಪ್ರಶ್ನೆಯೇ; ದೇಶದ ಅನೇಕ ಮಧ್ಯಮತರಂಗ ಪ್ರಸಾರ ಯಂತ್ರಗಳನ್ನು ಇತ್ತೀಚಿನ ವರ್ಷಗಳಲ್ಲಿ ನಿಲ್ಲಿಸಲಾಗಿದೆ.

ಇದೇ ಪೆಟ್ಟಿಗೆಯನ್ನು ಮೊದಲು ದುರಸ್ತಿಯ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿಯವರು ಸದ್ಭಾವದಿಂದಲೇ ಸಲಹೆ ಕೊಟ್ಟರು: "ಒಳಗಿಂದೆಲ್ಲಾ ಕಿತ್ತು ಹಾಕ್ರಿ ಸರ. ಬ್ಲೂಟೂತ್ ಬೋರ್ಡ ಕುಂಡ್ರಿಸಿ ಕೊಡ್ತೀನಿ. ಹೊರಗ ಹಳೇದು, ಒಳಗ ಹೊಸಾದು, ಮಸ್ತ ಕಾಣತೈತಿ." ನಗರದ ಮನೆಗಳ ಅಲಂಕಾರಕ್ಕಾಗಿ ಇಂಥ ಟೊಳ್ಳು ರೇಡಿಯೋಗಳಿಗೆ ಬೇಡಿಕೆಯಿದೆ, ದುಡಿದು ತಿನ್ನುವವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಹಾಗೆ ಕಿತ್ತುಹಾಕಿದ ಒಳಗಿನಲ್ಲಿ ಬೆಂಗಳೂರಿನ ವಾಲ್ವು, ಊರ ಕೈಯ ಎಲಿಮಿನೇಟರು, ಸವೆದ ಸ್ವಿಚ್ಚು ಎಲ್ಲವೂ ಹೋಗುತ್ತವೆ, ಉಳಿಯುವುದು ಮರ.

ನಿಪ್ಪಾಣಿಯ ಯಂತ್ರ ಬೇರೊಂದು ಜಗತ್ತಿಗೆ ಸೇರಿದ್ದು. ವಿದೇಶದಲ್ಲಿ ದುಡಿಯುತ್ತಿದ್ದ ಮಗ ರಜೆಯಲ್ಲಿ ಬರುವಾಗ ತಂದದ್ದೆಂದು ಮನೆಯವರು ಹೇಳಿದರು. ಮುಂಬದಿ ಬೆಳ್ಳಿಯ ಬಣ್ಣದ ಲೋಹ, ಭಾರವಾದ ಗುಂಡಿಗಳು, ಉದ್ದನೆಯ ಡಯಲು, ಅದರ ಮೂಲೆಯಲ್ಲಿ 'ಸ್ಟೀರಿಯೊ' ಎಂಬ ಒಂದು ಕೆಂಪು ದೀಪ. ಆ ದೀಪದ ಕಥೆಯನ್ನು ಹೇಳಬೇಕಾದರೆ ತತ್ತ್ವವನ್ನು ಸ್ವಲ್ಪ ವಿವರಿಸಬೇಕು. ಎಡಬಲಗಳ ಎರಡು ದನಿಗಳನ್ನು ಒಂದೇ ಪ್ರಸಾರದಲ್ಲಿ ಕಳಿಸುವ ಪದ್ಧತಿಗೆ ಅಮೆರಿಕೆಯಲ್ಲಿ 1961ರಲ್ಲಿ ಮಂಜೂರಾತಿ ದೊರೆಯಿತು. ಎರಡರ ಮೊತ್ತವನ್ನು ಸಾಮಾನ್ಯ ರೇಡಿಯೋಗೂ ಕೇಳುವಂತೆ ಕಳಿಸಿ, ಅವುಗಳ ವ್ಯತ್ಯಾಸವನ್ನು ಕಿವಿಗೆ ನಿಲುಕದ ಎತ್ತರದಲ್ಲಿ ಅಡಗಿಸಿ, ಜೊತೆಗೆ 19 ಕಿಲೋಸೈಕಲ್ಲಿನ ಒಂದು ಸೂಚಕ ಸ್ವರವನ್ನು ಕೂಡಿಸುತ್ತಾರೆ. ರಿಸೀವರು ಆ ಸೂಚಕವನ್ನು ಗುರುತಿಸಿದಾಗ ಎರಡು ದನಿಗಳನ್ನು ಬಿಡಿಸಿ ಕೆಂಪು ದೀಪ ಹೊತ್ತಿಸುತ್ತದೆ. ಇದೆಲ್ಲ ನಡೆಯುವುದು ಎಫ್.ಎಂ. ಪ್ರಸಾರದಲ್ಲಿ. ಭಾರತದಲ್ಲಿ ಎಫ್.ಎಂ. ಮೊದಲು ಬಂದದ್ದು 1977ರಲ್ಲಿ, ಅದೂ ಮದರಾಸಿನಲ್ಲಿ. ಗಡಿನಾಡಿಗೆ ಅದು ತಲುಪಲು ಮತ್ತೆ ಎಷ್ಟೋ ವರ್ಷ ಹಿಡಿದವು. ಹೀಗೆ ಯಾವ ಗುಣಕ್ಕಾಗಿ ಈ ಯಂತ್ರ ದುಬಾರಿಯಾಗಿತ್ತೋ ಆ ಗುಣಕ್ಕೆ ಬೇಕಾದ ಪ್ರಸಾರವೇ ನಿಪ್ಪಾಣಿಯ ಆಕಾಶದಲ್ಲಿ ಇರಲಿಲ್ಲ.

ಹಿಂಬದಿಯ ಜೋಡಣೆಗಳನ್ನು ಪರೀಕ್ಷಿಸಿದಾಗ ಇದೇ ಸಂಗತಿ ಲೋಹದಲ್ಲಿ ಬರೆದಂತೆ ಕಂಡಿತು. ಎಫ್.ಎಂ. ಏರಿಯಲ್ಲಿನ ತಿರುಪುಮೊಳೆಗಳ ಮೇಲೆ ಸ್ಕ್ರೂಡ್ರೈವರಿನ ಒಂದು ಗೀರೂ ಇಲ್ಲ. ಗ್ರಾಮಫೋನಿನ ತೂತುಗಳಲ್ಲಿ ಕಾರಖಾನೆಯವರು ಚುಚ್ಚಿ ಕಳಿಸಿದ ಮುಚ್ಚಳಗಳು ಹಾಗೆಯೇ ಇವೆ. ಟೇಪಿನ ತೂತುಗಳು ಮಾತ್ರ ಸಡಿಲಾಗುವಷ್ಟು ಸವೆದಿವೆ. ಈ ಮನೆಯ ಸ್ಟೀರಿಯೊ ಎಂದರೆ ಕ್ಯಾಸೆಟ್ಟು. ಕಪಾಟಿನಲ್ಲಿ ಉಳಿದ ಕ್ಯಾಸೆಟ್ಟುಗಳಲ್ಲಿ ಭೀಮಸೇನ ಜೋಶಿಯವರ ಮರಾಠಿ ಅಭಂಗಗಳೂ ಕನ್ನಡ ದಾಸರ ಪದಗಳೂ ಒಂದೇ ಸಾಲಿನಲ್ಲಿದ್ದವು. ಗದುಗಿನವರ ಒಂದೇ ಕಂಠ, ಎರಡು ಭಾಷೆ. ಈ ಮನೆಗೆ ಅದನ್ನು ವಿಂಗಡಿಸಿಡುವ ಅವಶ್ಯಕತೆ ಕಂಡಿರಲಿಲ್ಲ.

ದುರಸ್ತಿಯ ವಿವರವನ್ನು ಬೇಗನೆ ಹೇಳಿ ಮುಗಿಸಬಹುದು. ಟ್ರಾನ್ಸಿಸ್ಟರು ಯಂತ್ರಗಳಲ್ಲಿ ನಾಲ್ವತ್ತು ವರ್ಷಗಳಲ್ಲಿ ಇಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗುತ್ತವೆ. ಗುಂಡಿಗಳೊಳಗೆ ಧೂಳು ಸೇರಿ ಕರಕರ ಎನ್ನುತ್ತವೆ. ಧ್ವನಿಯ ಕೊನೆಯ ಹಂತದ ಟ್ರಾನ್ಸಿಸ್ಟರು ಸತ್ತರೆ ನೇರ ವಿದ್ಯುತ್ತು ಹರಿದು ಸ್ಪೀಕರಿನ ಸುರುಳಿ ಸುಟ್ಟುಹೋಗುವ ಭಯವಿರುವುದರಿಂದ, ಸ್ಪೀಕರು ಜೋಡಿಸುವ ಮುನ್ನ ಅಲ್ಲಿ ವೋಲ್ಟು ಅಳೆಯಬೇಕು. ಈ ಸಲ ಲೇಖಕನು ಒಂದೊಂದು ತಂತಿಯ ಚಿತ್ರವನ್ನೂ ತೆಗೆದು, ತೆಗೆದ ಬಿಡಿಭಾಗಗಳನ್ನು ಸ್ಥಾನದ ಹೆಸರು ಬರೆದ ಲಕೋಟೆಗಳಲ್ಲಿ ಹಾಕುತ್ತ ಹೋದನು.

ಹಾಗೆ ಹೋಗುವಾಗ ಒಂದು ವಿಚಿತ್ರ ಕಂಡಿತು. ಬ್ಯಾಲೆನ್ಸ್ ಗುಂಡಿಯ ಹಿಂದೆ, ಎಡದ ದನಿಯ ದಾರಿಯಿಂದ ಬಲದ ದನಿಯ ದಾರಿಗೆ ಹಳದಿ ಬಣ್ಣದ ಒಂದು ಗೇಣು ತಂತಿಯನ್ನು ಯಾರೋ ಬೆಸೆದಿದ್ದರು. ಕಾರಖಾನೆಯ ಯಾವ ತಂತಿಯೂ ಆ ಬಣ್ಣದ್ದಲ್ಲ. ಹಿಂದಕ್ಕೆ ಹುಡುಕುತ್ತ ಹೋದಾಗ ಕಾರಣ ಸ್ಪಷ್ಟವಾಯಿತು. ಬಲಭಾಗದ ಮೊದಲ ಹಂತದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರು ಸತ್ತಿದ್ದಿತು. ಅದರ ಜೋಡಿ ಆಗ ಈ ಕಡೆ ದೊರೆತಿರಲಾರದು. ರಿಪೇರಿ ಮಾಡಿದ ಕುಶಲಿಯು ಸತ್ತ ಹಂತವನ್ನು ದಾಟಿಸಿ, ಎಡದ ದನಿಯನ್ನೇ ಎರಡೂ ಸ್ಪೀಕರುಗಳಿಗೆ ಹಂಚಿಕೊಟ್ಟಿದ್ದನು. ಎರಡೂ ಕಡೆಯಿಂದ ದನಿ ಬಂದಿತು, ಮನೆಯವರಿಗೆ ಸಮಾಧಾನವಾಯಿತು. ಆ ದಿನದಿಂದ ಯಂತ್ರ ಸ್ಟೀರಿಯೊ ಅಲ್ಲ, ಆದರೂ ಯಾರೂ ಗಮನಿಸಲಿಲ್ಲ. ಕಾರಖಾನೆಯ ದೃಷ್ಟಿಯಿಂದ ಇದು ದೋಷ. ಬಿಡಿಭಾಗವಿಲ್ಲದ ಊರಿನಲ್ಲಿ ಕುಳಿತು ಯೋಚಿಸಿದರೆ ಇದಕ್ಕಿಂತ ಚೊಕ್ಕವಾದ ಪರಿಹಾರ ಬೇರೆ ತೋರುವುದಿಲ್ಲ.

ತಂತಿಯನ್ನು ಉಳಿಸಬೇಕೋ ತೆಗೆಯಬೇಕೋ? ಮೊದಲಿನ ಸ್ಥಿತಿಗೆ ತರುವುದೇ ದುರಸ್ತಿಯಾದರೆ, ಮೊದಲಿನದು ಎಂದರೆ ಕಾರಖಾನೆಯಿಂದ ಬಂದ ದಿನದ್ದೇ, ಅಥವಾ ಮೂವತ್ತು ವರ್ಷ ಈ ಮನೆಯಲ್ಲಿ ನುಡಿದದ್ದೇ? ಗುಡಿಗಳ ಜೀರ್ಣೋದ್ಧಾರದಲ್ಲಿ ಸುಣ್ಣದ ಪದರಗಳನ್ನು ಕೆರೆದು ತೆಗೆಯುವಾಗ ಏಳುವ ಪ್ರಶ್ನೆಯೇ ಇದು. ಬಹಳ ಆಲೋಚಿಸಿ ತಂತಿಯನ್ನು ತೆಗೆದು, ಸತ್ತ ಟ್ರಾನ್ಸಿಸ್ಟರಿಗೆ ಬದಲಿ ಹಾಕಲಾಯಿತು. ಗೋಡೆಯ ಮೇಲೆ ಒಂದು ತುಂಡು ತಂತಿಯನ್ನು ಏರಿಯಲ್ಲಾಗಿ ಚಾಚಿ ಎಫ್.ಎಂ. ಪಟ್ಟಿಯಲ್ಲಿ ಮುಳ್ಳು ಸರಿಸಿದಾಗ, ಕೊಲ್ಹಾಪುರದ ಒಂದು ಖಾಸಗಿ ಕೇಂದ್ರ ಸಿಕ್ಕಿ ಕೆಂಪು ದೀಪ ಹೊತ್ತಿತು. ಮನೆಯವರಲ್ಲಿ ಯಾರೂ ಅದನ್ನು ಹಿಂದೆಂದೂ ಹೊತ್ತಿದ್ದು ಕಂಡಿರಲಿಲ್ಲ; ಅಲ್ಲಿ ದೀಪವಿದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಮನೆಯ ಹಿರಿಯ ತಾಯಿಯವರನ್ನು ಕರೆತಂದು ಕುಳ್ಳಿರಿಸಿ, ಅವರು ನಿತ್ಯ ಕೇಳುತ್ತಿದ್ದ ದಾಸರ ಪದದ ಕ್ಯಾಸೆಟ್ಟನ್ನೇ ಹಾಕಲಾಯಿತು. ತಬಲೆ ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ, ಕಂಠ ನಡುವೆ. ಅವರು ಸ್ವಲ್ಪ ಹೊತ್ತು ಕೇಳಿ ಹುಬ್ಬು ಗಂಟಿಕ್ಕಿದರು. "ಇದು ನಮ್ಮ ಪೆಟ್ಟಿಗಿ ಅಲ್ಲಪಾ. ಇಲ್ಲಿ ಕುಂತ್ರ ಪೇಟಿ ಕೇಳತೈತಿ, ಅಲ್ಲಿ ಕುಂತ್ರ ತಬಲಾ ಕೇಳತೈತಿ. ಮೊದಲ ಎಲ್ಲಾ ಕೂಡಿ ಬರತಿತ್ತು," ಎಂದರು. ವಿದ್ಯೆ ತಿಳಿದ ಮೊಮ್ಮಗ ಅಜ್ಜಿಗೆ ಸ್ಟೀರಿಯೊ ಎಂದರೇನೆಂದು ವಿವರಿಸಲು ತೊಡಗಿದ. ಅವರು ಒಪ್ಪಲಿಲ್ಲ. ಹಳದಿ ತಂತಿಯನ್ನು ಲಕೋಟೆಯಲ್ಲಿ ಹಾಕಿ, ಅದನ್ನು ಯಾವ ಎರಡು ಸ್ಥಾನಗಳ ನಡುವೆ ಬೆಸೆಯಬೇಕೆಂಬ ಚಿತ್ರದೊಡನೆ ಯಂತ್ರದ ಹಿಂಬದಿಯ ಮುಚ್ಚಳಕ್ಕೆ ಅಂಟಿಸಿ ಬರಲಾಗಿದೆ. ಮುಂದಿನ ದೀಪಾವಳಿಗೆ ಹೋದಾಗ ಅದನ್ನು ಮತ್ತೆ ಬೆಸೆದುಕೊಡುವುದಾಗಿ ಅವರಿಗೆ ಮಾತು ಕೊಟ್ಟಿದ್ದೇನೆ.